ಕಾಫಿ ಗ್ರೈಂಡರಿನ ಮೋಟಾರು ಬೇಗ ಸುಡದಿರಬೇಕಾದರೆ

ಕೊಡಗಿನ ತೋಟದ ಮನೆಗಳಲ್ಲಿ ಕಾಫಿ ಬೀಜ ಮೂಟೆಗಟ್ಟಲೆ ಇರುತ್ತದೆ. ಅದನ್ನು ಪುಡಿ ಮಾಡಲು ತರುವ ಸಣ್ಣ ಮಿಷನ್ ಮಾತ್ರ ದಿನಕ್ಕೆ ಎರಡು ಲೋಟ ಕಾಫಿ ಕುಡಿಯುವ ಇಬ್ಬರ ಸಂಸಾರಕ್ಕೆಂದು ಮಾಡಿದ್ದು. ಮೋಟಾರು ಬೇಗ ಹೋಗುವುದಕ್ಕೆ ಮೊದಲ ಕಾರಣ ಇದೇ. ಒಂದು ಸಲಕ್ಕೆ ಇಪ್ಪತ್ತು, ನಲವತ್ತು ಗ್ರಾಂ ಪುಡಿ ಮಾಡಿ ತಣ್ಣಗಾಗಬೇಕಾದ ಮೋಟಾರಿಗೆ ಭಾನುವಾರ ಬೆಳಿಗ್ಗೆ ಅರ್ಧ ಕೆ.ಜಿ. ರೋಬಸ್ಟಾ ಕಾಫಿ ಬೀಜವನ್ನು ಬಿಡುವಿಲ್ಲದೆ ಸುರಿದರೆ ಒಳಗಿನ ತಾಮ್ರದ ತಂತಿಯ ಸುತ್ತು (ವೈಂಡಿಂಗ್) ಕಾಯುತ್ತದೆ, ತಂತಿಯ ಮೇಲಿನ ವಾರ್ನಿಷ್ ಕರಕಲಾಗುತ್ತದೆ. ಆ ದಿನವೇ ಏನೂ ಆಗುವುದಿಲ್ಲ. ಪ್ರತಿ ಸಲ ಒಂದಿಷ್ಟು ಸವೆದು, ಕೊನೆಗೆ ತಂತಿಗೆ ತಂತಿ ತಾಗಿ ನಿಂತುಬಿಡುತ್ತದೆ.

ಮಿಷನ್ನಿನ ಅಡಿಯಲ್ಲಿರುವ ಚೀಟಿ ಓದಿ. ನಮ್ಮ ಮಿಕ್ಸಿಗಳ ಮೇಲೆ ಸಾಮಾನ್ಯವಾಗಿ ಒಟ್ಟು 30 ನಿಮಿಷ, ಅದರಲ್ಲಿ ಪ್ರತಿ 5 ನಿಮಿಷದ ಓಟಕ್ಕೆ 2 ನಿಮಿಷ ಬಿಡುವು ಎಂದು ಬರೆದಿರುತ್ತದೆ. ಬ್ಲೇಡಿನ ಸಣ್ಣ ಕಾಫಿ ಗ್ರೈಂಡರಿಗೆ ಅಷ್ಟೂ ಶಕ್ತಿ ಇಲ್ಲ. ಅದನ್ನು ಇಪ್ಪತ್ತು ಮೂವತ್ತು ಸೆಕೆಂಡ್ ಓಡಿಸಿ, ಒಂದೆರಡು ನಿಮಿಷ ಬಿಡಿ. ಹೊರಮೈ ಮುಟ್ಟಿದಾಗ ಕೈಗೆ ಬಿಸಿ ತಾಗಿದರೆ ಒಳಗೆ ಅದಕ್ಕಿಂತ ಎಷ್ಟೋ ಹೆಚ್ಚು ಕಾದಿದೆ ಎಂದೇ ತಿಳಿಯಿರಿ; ಅರ್ಧ ಗಂಟೆ ಮುಟ್ಟಬೇಡಿ. ನೆಂಟರಿಗೆ, ಬೆಂಗಳೂರಿನ ಮಕ್ಕಳಿಗೆ ಎಂದು ಎರಡು ಮೂರು ಕೆ.ಜಿ. ಪುಡಿ ಬೇಕಾದಾಗ ಮನೆಯ ಮಿಷನ್ನಿಗೆ ಆ ಕೆಲಸ ಕೊಡಲೇಬಾರದು. ಗೋಣಿಕೊಪ್ಪ, ವಿರಾಜಪೇಟೆ, ಮಡಿಕೇರಿ ಪೇಟೆಯ ಪುಡಿ ಅಂಗಡಿಗೆ ಒಯ್ದು ಕೊಟ್ಟರೆ ದೊಡ್ಡ ಮಿಷನ್ ಕೆಲವೇ ನಿಮಿಷದಲ್ಲಿ ಮುಗಿಸುತ್ತದೆ.

ಎರಡನೆಯ ಶತ್ರು ಕಲ್ಲು. ಅಂಗಡಿಯ ಬೀಜ ಸಿಪ್ಪೆ ಬಿಡಿಸಿ ಹಸನು ಮಾಡುವ ಕ್ಯೂರಿಂಗ್‌ನಲ್ಲಿ ಶುದ್ಧವಾಗಿ ಬರುತ್ತದೆ. ಮನೆಗೆಂದು ಎತ್ತಿಟ್ಟ ಚೆರ್ರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು, ನಮ್ಮ ಕಣದಲ್ಲೇ ಒಣಗಿದ್ದು, ಅದರಲ್ಲಿ ಬೀಜದಷ್ಟೇ ಗಾತ್ರದ ಜಲ್ಲಿ ಚೂರು, ಒಮ್ಮೊಮ್ಮೆ ತುಕ್ಕು ಹಿಡಿದ ಮೊಳೆಯೂ ಸೇರಿರುತ್ತದೆ. ಬರ್ ಎನ್ನುವ ಹಲ್ಲುಚಕ್ರದ ನಡುವೆ ಒಂದೇ ಒಂದು ಕಲ್ಲು ಸಿಕ್ಕಿದರೆ ಚಕ್ರ ಅಲ್ಲಿಗೇ ನಿಲ್ಲುತ್ತದೆ. ಪ್ಲಾಸ್ಟಿಕ್ ಗೇರ್ ಇದ್ದರೆ ಅದರ ಹಲ್ಲು ಮುರಿಯುತ್ತದೆ, ಗೇರ್ ಗಟ್ಟಿಯಿದ್ದರೆ ಮೋಟಾರು ತಿರುಗಲಾರದೆ ಗುಂಯ್ ಎನ್ನುತ್ತಾ ಸುಡುತ್ತದೆ. ಹುರಿಯುವ ಮೊದಲು ಮೊರದಲ್ಲಿ ಕೇರಿ. ಹುರಿದ ಮೇಲೆ ಇನ್ನೊಮ್ಮೆ ಸ್ಟೀಲ್ ತಟ್ಟೆಗೆ ಸ್ವಲ್ಪ ಸ್ವಲ್ಪವೇ ಸುರಿಯಿರಿ. ಹುರಿದ ಬೀಜ ಹಗುರ, ಕಲ್ಲು ಬಿದ್ದರೆ ಠಣ್ ಎನ್ನುತ್ತದೆ. ಒಂದು ಅಯಸ್ಕಾಂತದ ತುಂಡನ್ನು ಬೀಜದ ಮೇಲೆ ಆಡಿಸಿದರೆ ಮೊಳೆ, ತಂತಿ ಸಿಗುತ್ತದೆ.

ಹುರಿಯುವ ಹದವೂ ಮೋಟಾರಿನ ಆಯಸ್ಸಿಗೆ ಸೇರಿದ್ದೇ. ಹೊರಗೆ ಕಂದಾಗಿ ಒಳಗೆ ಹಸಿಯಾಗಿ ಉಳಿದ ಬೀಜ ಕಲ್ಲಿನಷ್ಟೇ ಗಟ್ಟಿ. ಒಂದು ಬೀಜ ಕಚ್ಚಿ ನೋಡಿ: ಪಟ್ಟನೆ ಒಡೆದು ಪುಡಿಯಾಗಬೇಕು, ಹಲ್ಲಿಗೆ ಎಳೆದಂತಾದರೆ ಇನ್ನೂ ಹುರಿಯಬೇಕು. ತೀರ ಕಪ್ಪಾಗಿ ಮೈಮೇಲೆ ಎಣ್ಣೆ ಬಂದ ಬೀಜ ಒಡೆಯುವುದಕ್ಕೆ ಸುಲಭ, ಆದರೆ ಚಕ್ರಕ್ಕೂ ಪುಡಿ ಇಳಿಯುವ ದಾರಿಗೂ ಅಂಟಿಕೊಳ್ಳುತ್ತದೆ. ದಾರಿ ಕಟ್ಟಿದ ಮೇಲೆ ಪುಡಿ ಹಿಂದಕ್ಕೆ ತುಂಬಿ ಚಕ್ರವನ್ನು ಹಿಡಿಯುತ್ತದೆ. ಬಾಣಲೆಯಿಂದ ಇಳಿಸಿದ ಬಿಸಿ ಬೀಜವನ್ನಂತೂ ಹಾಕಲೇಬೇಡಿ, ರಾತ್ರಿಯಿಡೀ ಆರಲಿ. ಚಿಕೋರಿಯನ್ನು ಬೀಜದ ಜತೆ ಅರೆಯುವ ಅಭ್ಯಾಸವಿದ್ದರೆ ಇಂದೇ ಬಿಡಿ. ಚಿಕೋರಿ ಗಾಳಿಯ ತೇವ ಹೀರಿ ಬೆಲ್ಲದಂತೆ ಅಂಟುತ್ತದೆ. ಪುಡಿ ಮಾಡಿದ ಚಿಕೋರಿ ತಂದು, ಕಾಫಿ ಪುಡಿಗೆ ಆಮೇಲೆ ಬೆರೆಸಿಕೊಳ್ಳಿ.

ಬರ್ ಮಿಷನ್ನಿನಲ್ಲಿ ಮೊದಲು ಸ್ವಿಚ್ ಹಾಕಿ, ಚಕ್ರ ತಿರುಗತೊಡಗಿದ ಮೇಲೆ ಬೀಜ ಬಿಡುವುದು ಒಳ್ಳೆಯದು. ನಿಂತ ಮೋಟಾರು ತುಂಬಿದ ಹೊಟ್ಟೆಯಲ್ಲಿ ಏಳುವಾಗಲೇ ಅತಿ ಹೆಚ್ಚು ಕರೆಂಟು ಎಳೆಯುತ್ತದೆ. ನುಣುಪು ಹೆಚ್ಚಿಸುವ ತಿರುಪನ್ನು ಚಕ್ರ ತಿರುಗುತ್ತಿರುವಾಗಲೇ ತಿರುಗಿಸಬೇಕು. ನಿಂತಾಗ ಬಿಗಿ ಮಾಡಿದರೆ ನಡುವೆ ಉಳಿದ ಚೂರುಗಳು ಸಿಕ್ಕಿ ಮುಂದಿನ ಸಲ ಮೋಟಾರು ಏಳುವುದೇ ಇಲ್ಲ. ನಮ್ಮ ಹಿತ್ತಾಳೆ, ಸ್ಟೀಲ್ ಫಿಲ್ಟರಿಗೆ ಮೈದಾದಷ್ಟು ನುಣುಪು ಬೇಕಾಗಿಯೂ ಇಲ್ಲ. ಅಷ್ಟು ನುಣುಪಾದರೆ ಡಿಕಾಕ್ಷನ್ ಇಳಿಯದೆ ನಿಲ್ಲುತ್ತದೆ, ಮೋಟಾರಿಗೆ ದುಡಿತವೂ ಹೆಚ್ಚು. ಸಣ್ಣ ರವೆಗಿಂತ ಒಂದು ಹದ ನುಣುಪಾದರೆ ಸಾಕು.

ವೋಲ್ಟೇಜಿನ ವಿಷಯ ಕೊಡಗಿನಲ್ಲಿ ಯಾವತ್ತೂ ಹಗುರವಲ್ಲ. ಇರಬೇಕಾದದ್ದು 230. ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿ ಹೂ ಅರಳಲೆಂದು ಸ್ಪ್ರಿಂಕ್ಲರ್ ಪಂಪುಗಳು ಒಟ್ಟಿಗೆ ಓಡುವಾಗ ಲೈಟು ಮಂಕಾಗುವ ಲೈನುಗಳಿವೆ. ಆಗ ಮೋಟಾರು ನಿಧಾನವಾಗುತ್ತದೆ, ಅದರದೇ ಫ್ಯಾನ್ ಗಾಳಿ ಕಡಿಮೆಯಾಗುತ್ತದೆ, ಬೀಜ ಸಿಕ್ಕಿ ನಿಲ್ಲುತ್ತದೆ. ಲೈಟು ಮಂಕಾದರೆ ಗ್ರೈಂಡರ್ ಹಾಕಬೇಡಿ. ಕಡಿಮೆ ಬೆಲೆಯ ಸ್ಕ್ವೇರ್ ವೇವ್ ಇನ್ವರ್ಟರ್‌ನಲ್ಲಿ ಮೋಟಾರು ಕರ್ಕಶವಾಗಿ ಕೂಗಿ ಬೇಗ ಕಾಯುತ್ತದೆ, ಅದೂ ಬೇಡ. ಕಾಫಿ ಹೂ ಅರಳಿಸುವ ಹೂಮಳೆಯ ಗುಡುಗು ಸಿಡಿಲಿನ ದಿನಗಳಲ್ಲಿ, ಕರೆಂಟು ಹೋಗಿ ಬರುವಾಗ, ಪ್ಲಗ್ ಕಿತ್ತಿಡಿ. ಸ್ವಿಚ್ ಆರಿಸಿದರೆ ಸಾಲದು. ಅಮೆರಿಕದಿಂದ ಮಕ್ಕಳು ತಂದುಕೊಡುವ ಮಿಷನ್ 120 ವೋಲ್ಟಿನದು. ಪ್ಲಗ್ಗಿನ ಆಕಾರ ಬದಲಿಸುವ ಅಡಾಪ್ಟರ್ ವೋಲ್ಟೇಜನ್ನು ಇಳಿಸುವುದಿಲ್ಲ, ಹಾಕಿದ ಕೂಡಲೇ ಮೋಟಾರು ಹೋಗುತ್ತದೆ. ಮಿಷನ್ನಿನ ವ್ಯಾಟ್‌ಗಿಂತ ಒಂದೂವರೆ ಪಟ್ಟಾದರೂ ದೊಡ್ಡ, ವೋಲ್ಟೇಜ್ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ ಊರಿದು. ಬೀಜದ ಡಬ್ಬಿಯ ಮುಚ್ಚಳ ಬಿಗಿಯಿರಲಿ, ಮಿಷನ್ನಿನ ಬಾಯಲ್ಲಿ ಬೀಜ ಉಳಿಸಬೇಡಿ. ಹತ್ತು ಹದಿನೈದು ದಿನಕ್ಕೊಮ್ಮೆ ಪ್ಲಗ್ ತೆಗೆದು, ಚಕ್ರ ಬಿಚ್ಚಿ, ಒಣ ಬ್ರಷ್‌ನಿಂದ ಉಜ್ಜಿ. ನೀರು ಮುಟ್ಟಿಸಿದರೆ ತುಕ್ಕು ಹಿಡಿಯುತ್ತದೆ. ಅಕ್ಕಿ ಹಾಕಿ ಅರೆದು ಸ್ವಚ್ಛ ಮಾಡುವವರಿದ್ದಾರೆ. ಹಸಿ ಅಕ್ಕಿ ಹುರಿದ ಬೀಜಕ್ಕಿಂತ ಗಟ್ಟಿ, ಸಣ್ಣ ಮೋಟಾರಿಗೆ ಅದು ಭಾರ.

ನಿಂತುಹೋದ ಮಿಷನ್ ಎಲ್ಲ ಸತ್ತಿರುವುದಿಲ್ಲ. ಮಿಕ್ಸಿಯಾದರೆ ಅಡಿಯಲ್ಲಿರುವ ಕೆಂಪು ಓವರ್‌ಲೋಡ್ ಬಟನ್ ಹೊರಬಂದಿದೆಯೇ ನೋಡಿ, ತಣ್ಣಗಾದ ಮೇಲೆ ಒತ್ತಿ. ಪ್ಲಗ್ ತೆಗೆದು ಚಕ್ರವನ್ನು ಕೈಯಲ್ಲಿ ತಿರುಗಿಸಿ: ಬಿಗಿಯಿದ್ದರೆ ಕಲ್ಲು ಸಿಕ್ಕಿದೆ ಅಥವಾ ಬೇರಿಂಗ್ ಹೋಗಿದೆ. ಸಲೀಸಾಗಿ ತಿರುಗಿಯೂ ಸ್ವಿಚ್ ಹಾಕಿದಾಗ ಸದ್ದೇ ಇಲ್ಲದಿದ್ದರೆ ಸ್ವಿಚ್, ವಯರ್ ಅಥವಾ ಮೋಟಾರಿನ ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ಕಾರ್ಬನ್ ಬ್ರಷ್ ನೋಡಿಸಿ. ಮೋಟಾರು ತಿರುಗುತ್ತಿದ್ದು ಮೇಲಿನ ಚಕ್ರ ನಿಂತಿದ್ದರೆ ಗೇರ್ ಅಥವಾ ಮೋಟಾರನ್ನು ಚಕ್ರಕ್ಕೆ ಜೋಡಿಸುವ ಕಪ್ಲರ್ ಮುರಿದಿದೆ, ದೊಡ್ಡ ಖರ್ಚಲ್ಲ. ಗಾಳಿಕಿಂಡಿಯಲ್ಲಿ ಸಣ್ಣ ನೀಲಿ ಕಿಡಿ ಕಂಡರೆ ಹೆದರಬೇಡಿ. ಕಿತ್ತಳೆ ಬಣ್ಣದ ಕಿಡಿ ಸುತ್ತಲೂ ಹಾರಿದರೆ ಬ್ರಷ್ ಸವೆದಿದೆ, ಎರಡನ್ನೂ ಜೋಡಿಯಾಗಿ ಬದಲಿಸಿ. ಒಂದೇ ಹೊಸದು ಹಾಕಿದರೆ ಕಿಡಿ ನಿಲ್ಲುವುದಿಲ್ಲ. ಹೊಸ ಮಿಷನ್ನಿನಲ್ಲಿ ಮೊದಲ ಕೆಲವು ದಿನ ತೆಳುವಾಗಿ ವಾರ್ನಿಷ್ ವಾಸನೆ ಬರುವುದುಂಟು. ಹಳೆಯದರಲ್ಲಿ ಮೂಗು ಉರಿಸುವ ಸುಟ್ಟ ವಾಸನೆ ಬಂದು ಹೊಗೆ ಕಂಡರೆ ವೈಂಡಿಂಗ್ ಹೋಯಿತು. ಮಿಕ್ಸಿಯಾದರೆ ಆರ್ಮೇಚರ್ (ಮೋಟಾರಿನ ತಿರುಗುವ ಭಾಗ) ಸಿಗುತ್ತದೆ, ರಿಪೇರಿ ಮಾಡಿಸಿ. ಸಣ್ಣ ಬ್ಲೇಡ್ ಗ್ರೈಂಡರಿಗೆ ಆ ಖರ್ಚಿನ ಮೇಲೆ ಸ್ವಲ್ಪ ಸೇರಿಸಿದರೆ ಹೊಸದೇ ಬರುತ್ತದೆ. ಹೊಸದು ಕೊಳ್ಳುವಾಗ ಅಂಗಡಿಯವರನ್ನು ಮೂರು ಮಾತು ಕೇಳಿ: ಗೇರ್ ಲೋಹದ್ದೇ, ಕಾಯುವಾಗ ತಾನೇ ನಿಲ್ಲುವ ಥರ್ಮಲ್ ಕಟ್‌ಔಟ್ ಇದೆಯೇ, ಬ್ರಷ್ ಮತ್ತು ಗೇರ್ ಮೈಸೂರಿನಲ್ಲಾದರೂ ಸಿಗುತ್ತದೆಯೇ. ಮೂರನೆಯದಕ್ಕೆ ಉತ್ತರ ಬಾರದಿದ್ದರೆ ಎಷ್ಟು ಚೆಂದವಿದ್ದರೂ ಆ ಮಿಷನ್ ಬೇಡ.