ಊರೊಳಗಿನ ರಸ್ತೆ ಕೊಯ್ದು ನೀರಿನ ಪೈಪ್ ಹಾಕುವಾಗ ನಾನು ಪಾಲಿಸುವ ಕ್ರಮ

ರಸ್ತೆ ಕೆಲಸ, ಕುಡಿಯುವ ನೀರಿನ ಕೆಲಸ ಎರಡನ್ನೂ ಮಾಡಿದವರಿಗೆ ಗೊತ್ತು: ಊರೊಳಗಿನ ರಸ್ತೆ ಕುಸಿಯುವುದು ಬಹುಪಾಲು ಪೈಪ್ ಹೂತ ಗೆರೆಯ ಮೇಲೆಯೇ. 2019ರಲ್ಲಿ ಮನೆಮನೆಗೆ ನಲ್ಲಿ ನೀರು ಕೊಡುವ ಜಲ ಜೀವನ್ ಮಿಷನ್ ಶುರುವಾದ ಮೇಲೆ ಸಿಮೆಂಟ್ ರಸ್ತೆ ಕೊಯ್ದು ಪೈಪ್ ಹಾಕುವುದು ನಮ್ಮ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ದಿನನಿತ್ಯದ ಕೆಲಸವಾಯಿತು. ನಾನು ಕೆಲಸ ಮಾಡುವ ನೆಲ ಎರೆಮಣ್ಣು, ಪೈಪು ಬಿಸಿಯಿಂದ ಬೆಸೆಯಬಲ್ಲ ಗಟ್ಟಿ ಪ್ಲಾಸ್ಟಿಕ್ಕಾದ ಎಚ್‌ಡಿಪಿಇ. ಕೆಳಗಿನ ಅಳತೆಗಳೆಲ್ಲ ಅದಕ್ಕೇ ಹೊಂದುವಂಥವು.

ಲೆಕ್ಕದಿಂದ ಶುರು ಮಾಡುತ್ತೇನೆ. ತಲೆಗೆ ದಿನಕ್ಕೆ 55 ಲೀಟರಿನಂತೆ 2,000 ಜನರ ಊರಿಗೆ 1,10,000 ಲೀಟರ್ ಬೇಕು. ಸೋರಿಕೆಗೆಂದು ಶೇ. 15 ಸೇರಿಸಿದರೆ 1,26,500. ದಿನಕ್ಕೆ 8 ಗಂಟೆ ಪಂಪ್ ಓಡಿದರೆ ಸೆಕೆಂಡಿಗೆ 4.4 ಲೀಟರ್, ಟ್ಯಾಂಕಿಗೆ ಏರುವ ಲೈನಿಗೆ 90 ಮಿ.ಮೀ. ಪೈಪ್ ಸಾಕು. ಆದರೆ ತ್ರೀ ಫೇಸ್ ಕರೆಂಟ್ ಆರೇ ಗಂಟೆ ಸಿಗುವ ಊರಾದರೆ ಅದೇ ನೀರಿಗೆ ಸೆಕೆಂಡಿಗೆ 5.9 ಲೀಟರ್ ಹರಿಯಬೇಕು, ಘರ್ಷಣೆಯ ನಷ್ಟ (ಪೈಪಿನ ಒಳಗೋಡೆಗೆ ಉಜ್ಜಿ ಕಳೆದುಹೋಗುವ ಒತ್ತಡ) ಸುಮಾರು 1.7 ಪಟ್ಟಾಗುತ್ತದೆ. ಆಗ 110 ಮಿ.ಮೀ. ಪೈಪನ್ನೇ ಹಾಕಬೇಕು. ಕರೆಂಟ್ ಎಷ್ಟು ಹೊತ್ತು ಇರುತ್ತದೆಂದು ಊರಿನ ನೀರಗಂಟಿಯನ್ನು ಕೇಳದೆ ಪೈಪಿನ ಅಳತೆ ತೀರ್ಮಾನಿಸಬಾರದು.

ರಸ್ತೆಯನ್ನು ಬ್ರೇಕರಿನಿಂದ ಒಡೆಯಲು ಬಿಡುವುದಿಲ್ಲ. ಎರಡೂ ಅಂಚನ್ನು ಕಟರ್ ಮಷಿನ್ನಿನಿಂದ ಗೆರೆ ಹೊಡೆದಂತೆ ಕೊಯ್ಯಿಸುತ್ತೇನೆ. ಬ್ರೇಕರ್ ಹೊಡೆತಕ್ಕೆ ಉಳಿದ ಚಪ್ಪಡಿಯಲ್ಲೂ ಕಣ್ಣಿಗೆ ಕಾಣದ ಬಿರುಕು ಬಿಟ್ಟು, ಮುಂದಿನ ಮಳೆಗಾಲದಲ್ಲಿ ಅಂಚು ಪುಡಿಯಾಗುತ್ತದೆ. ಅಗೆತದ ಅಗಲ 450 ಮಿ.ಮೀ.; ಅದಕ್ಕಿಂತ ಕಿರಿದಾದರೆ ಒಳಗೆ ಮಣ್ಣು ಬಡಿದು ಕೂರಿಸುವ ರ‍್ಯಾಮರ್ ಇಳಿಯುವುದಿಲ್ಲ. ಪೈಪಿನ ನೆತ್ತಿಯ ಮೇಲೆ 1 ಮೀಟರ್ ಹೊದಿಕೆ, ಅಡಿಯಲ್ಲಿ 100 ಮಿ.ಮೀ. ಮರಳಿನ ಹಾಸು ಸೇರಿ, 110ರ ಪೈಪಿಗೆ ಆಳ 1.2 ಮೀಟರ್ ಬರುತ್ತದೆ. ಗಟಾರ ದಾಟುವಲ್ಲಿ ಅದರ ತಳದ ಕೆಳಗೆ ಕೇಸಿಂಗ್ ಪೈಪಿನೊಳಗೆ (ರಕ್ಷಣೆಗೆ ಹಾಕುವ ದೊಡ್ಡ ಹೊರ ಪೈಪು) ದಾಟಿಸುತ್ತೇನೆ. ಆ ಭಾಗದಲ್ಲಿ ಜಾಯಿಂಟ್ ಬರಕೂಡದು. ನಮ್ಮಲ್ಲಿ ನೀರು ಹೊತ್ತುಹೊತ್ತಿಗೆ ಬಿಡುವಂಥದ್ದು. ನಿಂತಾಗ ಪೈಪ್ ಖಾಲಿಯಾಗಿ, ಸಣ್ಣ ಬಿರುಕಿದ್ದರೂ ಗಟಾರದ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಊರಿಗೆ ಊರೇ ವಾಂತಿಭೇದಿಗೆ ಬೀಳಲು ಅಷ್ಟು ಸಾಕು.

ಪೈಪಿನ ತುದಿಗಳನ್ನು ಬಿಸಿ ಪ್ಲೇಟಿಗೆ ಒತ್ತಿ ಕರಗಿಸಿ ಒಂದಕ್ಕೊಂದು ಬೆಸೆಯುವ ಜಾಯಿಂಟಿನ ಕೆಲಸಕ್ಕೆ ಎದುರಿಗೆ ನಿಲ್ಲಲೇಬೇಕು. ಎರಡು ತುದಿಗಳನ್ನು ಕ್ಲಾಂಪಿನಲ್ಲಿ ಬಿಗಿದು, ಎರಡೂ ಕಡೆಯಿಂದ ಸಿಪ್ಪೆ ತುಂಡಾಗದೆ ರಿಬ್ಬನ್ನಿನಂತೆ ಸುರುಳಿಯಾಗಿ ಬರುವವರೆಗೆ ಹೆರೆಯಬೇಕು. ಆಮೇಲೆ ಆ ಮುಖವನ್ನು ಯಾರೂ ಕೈಯಿಂದ ಮುಟ್ಟಬಾರದು, ಬೆರಳಿನ ಎಣ್ಣೆ, ಬೆವರು ಸಾಕು ಬೆಸುಗೆ ಕೆಡಲು. ಹೀಟರ್ ಪ್ಲೇಟು 210 ಡಿಗ್ರಿ, ಹತ್ತು ಡಿಗ್ರಿ ಆಚೀಚೆ. ಮೊದಲು ತುದಿಗಳನ್ನು ಪ್ಲೇಟಿಗೆ ಒತ್ತಿ ಹಿಡಿದು, ಸುತ್ತಲೂ ತೆಳುವಾದ ಅಂಚು ಎದ್ದ ಮೇಲೆ ಒತ್ತಡ ಸಡಿಲಿಸಿ ಕಾಯಿಸಬೇಕು: ಪೈಪಿನ ದಪ್ಪದ ಪ್ರತಿ ಮಿ.ಮೀ.ಗೆ ಹತ್ತು ಸೆಕೆಂಡು, ಅಂದರೆ 6.6 ಮಿ.ಮೀ. ದಪ್ಪಕ್ಕೆ ಸುಮಾರು 66 ಸೆಕೆಂಡು. ಪ್ಲೇಟ್ ತೆಗೆದು ತುದಿಗಳನ್ನು ಕೂಡಿಸಲು ಆರು ಸೆಕೆಂಡಿಗಿಂತ ಹೆಚ್ಚು ಹಿಡಿಯಬಾರದು. ನಂತರ ಹತ್ತು ನಿಮಿಷ ಒತ್ತಡದಲ್ಲೇ ತಣಿಯಲಿ. ಬೇಗ ಆರಲೆಂದು ನೀರು ಸುರಿದರೆ ಆ ಜಾಯಿಂಟ್ ಕೊಯ್ದು ಹೊಸದು ಮಾಡಿಸುತ್ತೇನೆ. ಸರಿಯಾದ ಜಾಯಿಂಟಿನಲ್ಲಿ ಕರಗಿ ಎದ್ದ ಎರಡು ಅಂಚುಗಳೂ ಒಂದೇ ಗಾತ್ರ, ಹೊರಕ್ಕೆ ಉರುಟಾಗಿ ಮಡಚಿರುತ್ತವೆ. ಒಂದು ದಪ್ಪ ಒಂದು ತೆಳು ಇದ್ದರೆ ಪ್ಲೇಟಿನ ಬಿಸಿ ಸಮನಾಗಿ ಮುಟ್ಟಿಲ್ಲ.

ಇನ್ನೊಂದು ಮಾತು: 100 ಮೀಟರ್ ಪೈಪ್ 20 ಡಿಗ್ರಿ ಬಿಸಿಯಾದರೆ ಒಂದಡಿಗೂ ಹೆಚ್ಚು ಉದ್ದವಾಗುತ್ತದೆ. ಮಧ್ಯಾಹ್ನದ ಬಿಸಿಲಲ್ಲಿ ಬಿಗಿಯಾಗಿ ಜೋಡಿಸಿದ್ದು ರಾತ್ರಿ ಕುಗ್ಗಿ ವಾಲ್ವಿನ ಬಳಿ ಕಿತ್ತುಕೊಳ್ಳುತ್ತದೆ. ಕೊನೆಯ ಜೋಡಣೆ ಬೆಳಿಗ್ಗೆಯೇ ಆಗಬೇಕು.

ಪರೀಕ್ಷೆಗೆ ಪೈಪಿನ ನಡುಭಾಗದ ಮೇಲೆ ಮಾತ್ರ ಮಣ್ಣು ಹೇರಿ ಜಾಯಿಂಟುಗಳನ್ನು ತೆರೆದಿಡುತ್ತೇನೆ. ತಗ್ಗಿನ ತುದಿಯಿಂದ ನಿಧಾನವಾಗಿ ನೀರು ತುಂಬಿ, ಎತ್ತರದ ತುದಿಯಲ್ಲಿ ಗಾಳಿ ಪೂರ್ತಿ ಹೋಗಲು ಬಿಡಬೇಕು. ಲೈನಿನಲ್ಲಿ ಚದರ ಸೆಂ.ಮೀ.ಗೆ 4 ಕೆ.ಜಿ. ಒತ್ತಡ ಬರುವುದಿದ್ದರೆ ಪರೀಕ್ಷೆಗೆ ಅದರ ಒಂದೂವರೆ ಪಟ್ಟು, 6 ಕೆ.ಜಿ. ಎಚ್‌ಡಿಪಿಇ ಸ್ವಲ್ಪ ಹಿಗ್ಗುವುದರಿಂದ ಮೊದಲಿಗೆ ಗೇಜಿನ ಮುಳ್ಳು ಇಳಿಯುವುದು ಸಹಜ. ನೀರು ಸೇರಿಸಿ ಮತ್ತೆ ಏರಿಸಬೇಕು. ಪ್ರತಿ ಸಲ ಸೇರಿಸುವ ನೀರು ಕಡಿಮೆಯಾಗುತ್ತ ಬಂದರೆ ಅದು ಹಿಗ್ಗು, ಅಷ್ಟೇ ಹಿಡಿಯುತ್ತಿದ್ದರೆ ಸೋರಿಕೆ. ಗೇಜಿನ ಫೋಟೊ ಇಲ್ಲದೆ ಮಣ್ಣು ಮುಚ್ಚಿಸುವುದಿಲ್ಲ.

ಮುಚ್ಚುವುದರಲ್ಲೇ ರಸ್ತೆಯ ಆಯುಷ್ಯ ಇದೆ. ಅಗೆದ ಎರೆಮಣ್ಣನ್ನೇ ವಾಪಸ್ ತುಂಬಿ ಮೇಲೆ ನೀರು ಬಿಟ್ಟು ಕೂರಿಸುವ ರೂಢಿ ಎಲ್ಲ ಕಡೆ ಇದೆ. ಎರೆ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಗೆ ಒಣಗಿ ಬಾಯಿ ಬಿಡುತ್ತದೆ, ಚಪ್ಪಡಿಯ ಕೆಳಗೆ ಪೊಳ್ಳಾಗುತ್ತದೆ. ನಾನು ಎರೆಮಣ್ಣನ್ನು ಊರಾಚೆ ಸಾಗಿಸಿ ಗರಸು (ಸಣ್ಣ ಕಲ್ಲು ಬೆರೆತ ಗಟ್ಟಿ ಮಣ್ಣು) ತರಿಸುತ್ತೇನೆ. ಪೈಪಿನ ಮೇಲೆ 300 ಮಿ.ಮೀ.ವರೆಗೆ ಮರಳು, ಕೈ ದಿಮ್ಮಿಸಿನ ಹದವಾದ ಹೊಡೆತ ಮಾತ್ರ. ಅಲ್ಲಿಂದ ಚಪ್ಪಡಿಯ ತಳದವರೆಗಿನ 550 ಮಿ.ಮೀ.ಗೆ, ಸಡಿಲವಾಗಿ ಹರಡಿದ 150 ಬಡಿದ ಮೇಲೆ ಸುಮಾರು 110 ಆಗುವಂತೆ, ಐದು ಪದರ, ಒಂದೊಂದಕ್ಕೂ ರ‍್ಯಾಮರ್. ಹದ ನೋಡಲು ಗರಸನ್ನು ಮುಷ್ಟಿಯಲ್ಲಿ ಹಿಂಡಬೇಕು. ಉಂಡೆ ಕಟ್ಟಿ, ಸೊಂಟದೆತ್ತರದಿಂದ ಬಿಟ್ಟಾಗ ಎರಡು-ಮೂರು ಹೋಳಾದರೆ ಸರಿ. ಪುಡಿಯಾದರೆ ನೀರು ಕಡಿಮೆ, ಕೈಗೆ ಮೆತ್ತಿದರೆ ಹೆಚ್ಚು. ಕೊನೆಗೆ ಮರಳು ಸುರಿದು ಸಾಂದ್ರತೆ ಅಳೆಯುವ ಪರೀಕ್ಷೆಯಲ್ಲಿ ಶೇ. 97 ಬರಬೇಕು: ಲ್ಯಾಬಿನಲ್ಲಿ ಒಣ ಸಾಂದ್ರತೆ ಘನ ಸೆಂ.ಮೀ.ಗೆ 2.00 ಗ್ರಾಂ ಬಂದ ಗರಸಿಗೆ ಇಲ್ಲಿ 1.94.

ಕಾಂಕ್ರೀಟ್ ಹಾಕುವ ಮುಂಚೆ ಹಳೆಯ ಚಪ್ಪಡಿಯನ್ನು ಅಗೆತದ ಅಂಚಿನಿಂದ ಎರಡೂ ಕಡೆ 150 ಮಿ.ಮೀ. ಹೆಚ್ಚಿಗೆ ಕೊಯ್ದರೆ ಹೊಸ ಪಟ್ಟಿ ಅಲುಗದ ನೆಲದ ಮೇಲೂ ಕೂರುತ್ತದೆ. ಎಂ-30 ದರ್ಜೆಯ ಕಾಂಕ್ರೀಟ್, ಹಳೆಯ ದಪ್ಪಕ್ಕಿಂತ ಕಡಿಮೆಯಾಗದಂತೆ, ಗೋಣಿಚೀಲ ಹೊದಿಸಿ ಎರಡು ವಾರ ಕ್ಯೂರಿಂಗ್.

ಪ್ರತಿ ವಾಲ್ವಿಗೂ ಎರಡು ಗಟ್ಟಿ ಗುರುತುಗಳಿಂದ, ಗುಡಿಯ ಮೂಲೆ, ಶಾಲೆಯ ಕಾಂಪೌಂಡ್ ಹೀಗೆ, ಟೇಪ್ ಹಿಡಿದು ದೂರ ಬರೆದ ನಕ್ಷೆಯ ಒಂದು ಪ್ರತಿ ಪಂಚಾಯಿತಿಗೆ, ಇನ್ನೊಂದು ಲ್ಯಾಮಿನೇಟ್ ಮಾಡಿಸಿ ನೀರಗಂಟಿಯ ಕೈಗೆ ಕೊಡುತ್ತೇನೆ.