ಮೇಯರ್ ಇಲ್ಲದ ಊರಿನಲ್ಲಿ ಮನೆ ಕೊಳ್ಳುವ ಮುನ್ನ

ಮನೆ ಕೊಂಡ ಮೊದಲ ಚಳಿಗಾಲದಲ್ಲಿ ಒಂದು ರಾತ್ರಿ ಜೋರು ಗಾಳಿ ಬೀಸಿ, ನಮ್ಮ ಮನೆಯೆದುರಿನ ಓಕ್ ಮರದ ದಪ್ಪ ಕೊಂಬೆಯೊಂದು ರಸ್ತೆಗೆ ಅಡ್ಡಲಾಗಿ ಬಿತ್ತು. ಬೆಳಕು ಹರಿಯುತ್ತಿದ್ದಂತೆ ನಗರಸಭೆಗೆ ಫೋನ್ ಮಾಡಿದೆ. ಅತ್ತ ಕಡೆಯವರು ವಿಳಾಸ ಕೇಳಿಕೊಂಡು, ಕಂಪ್ಯೂಟರಿನಲ್ಲಿ ನೋಡಿ, ನಿಮ್ಮ ಮನೆ ನಗರದೊಳಗೆ ಇಲ್ಲವಲ್ಲ ಎಂದರು. ನನಗೆ ನಂಬಿಕೆಯಾಗಲಿಲ್ಲ. ಅಂಚೆಯಲ್ಲಿ ಬರುವ ಪ್ರತಿಯೊಂದು ಕಾಗದದ ಮೇಲೂ 'ಸ್ಯಾಕ್ರಮೆಂಟೊ, ಕ್ಯಾಲಿಫೋರ್ನಿಯ' ಎಂದೇ ಇರುತ್ತಿತ್ತು. ನಾವು ಇರುವುದು ಆರ್ಡನ್-ಆರ್ಕೇಡ್ ಎಂಬ ಕಡೆ, ಅದಕ್ಕೆ ನಗರಸಭೆಯೇ ಇಲ್ಲ, ಮೇಯರ್ ಇಲ್ಲ, ರಸ್ತೆ ಕೌಂಟಿಯದು, ಅಂದರೆ ನಮ್ಮ ಜಿಲ್ಲಾಡಳಿತದಂಥದ್ದರದು ಎಂಬುದು ತಿಳಿದದ್ದು ಆ ದಿನ. ಸಾಲದ ಕಾಗದಕ್ಕೆ ಸಹಿ ಹಾಕಿ ಏಳು ತಿಂಗಳಾದ ಮೇಲೆ.

ಅಂದಿನಿಂದ ಇಂದಿನವರೆಗೆ ಈ ಸುತ್ತಿನಲ್ಲಿ ಮನೆ ಹುಡುಕುವ ಕನ್ನಡದ ಕುಟುಂಬಗಳ ಜೊತೆ ನಾನೂ ಹೋಗುತ್ತೇನೆ. ಎಲ್ಲರಿಗೂ ಹೇಳುವ ಮಾತುಗಳನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಒಂದು ಭಯ ಕಳೆಯಬೇಕು. ಇಂಥ ಊರುಗಳಿಗೆ ಇಲ್ಲಿ ಬಳಸುವ 'ಅನ್‌ಇನ್‌ಕಾರ್ಪೊರೇಟೆಡ್' ಎಂಬ ಪದ ಕೇಳಿದೊಡನೆ ನಮ್ಮವರಿಗೆ ಬೆಂಗಳೂರಿನ ಬಿ ಖಾತಾ ನೆನಪಾಗುತ್ತದೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಇಲ್ಲಿ ಜಾಗದ ಹಕ್ಕಿನಲ್ಲಿ ಯಾವ ಕೊರತೆಯೂ ಇರುವುದಿಲ್ಲ. ಆ ಊರಿನವರು ಸೇರಿ ತಮ್ಮದೇ ನಗರಸಭೆಯನ್ನು ಕಟ್ಟಿಕೊಂಡಿಲ್ಲ, ಅಷ್ಟೇ. ಕಾರ್ಮೈಕಲ್, ಫೇರ್ ಓಕ್ಸ್, ಆರೆಂಜ್‌ವೇಲ್, ರಿಯೊ ಲಿಂಡಾ, ಗೋಲ್ಡ್ ರಿವರ್, ರೋಸ್‌ಮಾಂಟ್, ಆಂಟಲೋಪ್ ಎಲ್ಲವೂ ಇಂಥವೇ. ಸ್ಯಾಕ್ರಮೆಂಟೊ ಕೌಂಟಿಯಲ್ಲಿ ಸುಮಾರು 6 ಲಕ್ಷ ಜನ ಹೀಗೆ ಯಾವ ನಗರಕ್ಕೂ ಸೇರದೆ ಬದುಕುತ್ತಿದ್ದಾರೆ. ಅಕ್ಕಪಕ್ಕದ ಸಿಟ್ರಸ್ ಹೈಟ್ಸ್ 1997ರಲ್ಲಿ, ಎಲ್ಕ್ ಗ್ರೋವ್ 2000ದಲ್ಲಿ, ರಾಂಚೊ ಕಾರ್ಡೋವಾ 2003ರಲ್ಲಿ ನಗರಗಳಾದವು. ನಮ್ಮ ಆರ್ಡನ್-ಆರ್ಕೇಡ್‌ನಲ್ಲಿಯೂ 2010ರ ನವೆಂಬರಿನಲ್ಲಿ ಮತದಾನ ನಡೆಯಿತು, ಜನ ಬೇಡವೆಂದರು. ಹಾಗಾಗಿ ಇಲ್ಲಿ ಐವರು ಸದಸ್ಯರ ಕೌಂಟಿ ಮೇಲ್ವಿಚಾರಕ ಮಂಡಳಿಯೇ ನಗರಸಭೆಯ ಕೆಲಸವನ್ನೂ ಮಾಡುತ್ತದೆ. ಉಳಿದ ಸೇವೆಗಳು ನೀರಿಗೆ ಒಂದು ಡಿಸ್ಟ್ರಿಕ್ಟ್ (ಒಂದು ಸೇವೆಗೆಂದೇ ಇರುವ ಸ್ಥಳೀಯ ಸಂಸ್ಥೆ), ಉದ್ಯಾನಕ್ಕೆ ಒಂದು, ಬೆಂಕಿಗೆ ಒಂದು, ಒಳಚರಂಡಿಗೆ ಒಂದು ಎಂದು ಹಂಚಿಹೋಗಿವೆ. ಪ್ರತಿಯೊಂದಕ್ಕೂ ಬೇರೆ ಗಡಿ. ಎದುರುಬದುರು ಮನೆಗಳಿಗೆ ಬೇರೆ ಬೇರೆ ಕಡೆಯಿಂದ ನೀರು ಬರುವುದೂ ಉಂಟು.

ಆದ್ದರಿಂದ ಮನೆ ಮೆಚ್ಚುಗೆಯಾದರೆ, ಅಡುಗೆಮನೆಯ ಅಳತೆ ನೋಡುವುದಕ್ಕೂ ಮೊದಲು, ಆ ಜಾಗ ಯಾರ ಆಡಳಿತದಲ್ಲಿದೆ ಎಂದು ನೋಡಿ. ಅಂಚೆ ವಿಳಾಸವನ್ನು ನಂಬಬೇಡಿ. ಅಂಚೆ ಇಲಾಖೆ ತನ್ನ ಬಟವಾಡೆಯ ಅನುಕೂಲಕ್ಕೆ ಊರಿನ ಹೆಸರು ಬರೆಯುತ್ತದೆ, ಆಡಳಿತದ ಗಡಿಯನ್ನು ನೋಡಿ ಅಲ್ಲ. 95825 ಎಂಬ ಒಂದೇ ಪಿನ್ ಸಂಖ್ಯೆಯಲ್ಲಿ ನಗರದ ಭಾಗವೂ ಇದೆ, ಕೌಂಟಿಯ ಭಾಗವೂ ಇದೆ. ಕೌಂಟಿಯ ಅಂತರ್ಜಾಲ ನಕ್ಷೆಯಲ್ಲಿ ಮನೆಯ ವಿಳಾಸ ಹಾಕಿದರೆ ಆ ನಿವೇಶನ ಯಾವ ವ್ಯಾಪ್ತಿಯಲ್ಲಿದೆ ಎಂದು ತೋರಿಸುತ್ತದೆ. ಪಕ್ಕದ ಮನೆಯವರನ್ನು ಕೇಳುವ ಧೈರ್ಯವಿದ್ದರೆ ಇನ್ನೂ ಸುಲಭದ ದಾರಿಯಿದೆ: ನಿಮ್ಮ ಮತಪತ್ರದಲ್ಲಿ ನಗರಸಭೆಯ ಸದಸ್ಯರ ಆಯ್ಕೆ ಇರುತ್ತದೆಯೇ ಎಂದು ಕೇಳಿ. ಇಲ್ಲವೆಂದರೆ ನಿಮ್ಮದೂ ನಮ್ಮಂಥದೇ ಊರು.

ಎರಡನೆಯದು, ಮನೆಯ ಹಿಂದಿನ ವರ್ಷದ ಆಸ್ತಿ ತೆರಿಗೆಯ ಬಿಲ್ಲು. ಇದನ್ನು ಕೇಳಿ ಪಡೆಯಿರಿ, ಆದರೆ ಅದರ ಒಟ್ಟು ಮೊತ್ತವನ್ನು ನೋಡಿ ಹಿಗ್ಗಬೇಡಿ. 1978ರಲ್ಲಿ ಮತದಾರರು ಒಪ್ಪಿದ 13ನೇ ಪ್ರಸ್ತಾವದ ಪ್ರಕಾರ ಮೂಲ ತೆರಿಗೆ ಮೌಲ್ಯದ ಶೇಕಡಾ 1. ಆ ಮೌಲ್ಯ ವರ್ಷಕ್ಕೆ ಹೆಚ್ಚೆಂದರೆ ಶೇಕಡಾ 2ರಷ್ಟು ಏರಬಹುದು. ಮನೆ ಮಾರಾಟವಾದಾಗ ಹೊಸ ಬೆಲೆಗೆ ಬಂದು ನಿಲ್ಲುತ್ತದೆ. 30 ವರ್ಷ ಅಲ್ಲೇ ಇದ್ದ ಹಿರಿಯರ ಬಿಲ್ಲು ನಿಮ್ಮ ಬಿಲ್ಲಾಗುವುದಿಲ್ಲ. ನೀವು ನೋಡಬೇಕಾದದ್ದು ಅದರ ಕೆಳಭಾಗದಲ್ಲಿ ಸಾಲಾಗಿ ಇರುವ ನೇರ ಶುಲ್ಕಗಳನ್ನು. ದೀಪ, ಉದ್ಯಾನ, ಪ್ರವಾಹ ನಿಯಂತ್ರಣ ಎಂದು ಪ್ರತಿಯೊಂದು ಡಿಸ್ಟ್ರಿಕ್ಟ್ ಹಾಕುವ ಮೊತ್ತಗಳು ಅಲ್ಲಿರುತ್ತವೆ. ಇವು ಮೌಲ್ಯದ ಮೇಲೆ ನಿಂತವಲ್ಲ, ನಿಮಗೂ ಹಾಗೆಯೇ ಬರುತ್ತವೆ. ಹೊಸ ಬಡಾವಣೆಗಳಲ್ಲಿ ರಸ್ತೆ, ಶಾಲೆಯಂಥ ಸೌಕರ್ಯಗಳ ಖರ್ಚಿಗೆಂದು ಹಾಕುವ ಮೆಲ್ಲೊ-ರೂಸ್ ಎಂಬ ಶುಲ್ಕ ವರ್ಷಕ್ಕೆ ಸಾವಿರಾರು ಡಾಲರ್ ಆಗಬಹುದು, ಹಳೆಯ ಕಾರ್ಮೈಕಲ್ ಬೀದಿಗಳಲ್ಲಿ ಅದು ಸಾಮಾನ್ಯವಾಗಿ ಇರುವುದಿಲ್ಲ.

ಮನೆ ಕೊಂಡ ಕೆಲವು ತಿಂಗಳಿಗೆ, ಹಳೆಯ ಮೌಲ್ಯಕ್ಕೂ ಹೊಸ ಮೌಲ್ಯಕ್ಕೂ ಇರುವ ವ್ಯತ್ಯಾಸದ ಮೇಲೆ ಪೂರಕ ತೆರಿಗೆಯ ಬಿಲ್ಲೊಂದು ನೇರವಾಗಿ ನಿಮ್ಮ ಹೆಸರಿಗೆ ಬರುತ್ತದೆ. ಸಾಲ ಕೊಟ್ಟ ಬ್ಯಾಂಕು ಕಟ್ಟುತ್ತದೆ ಎಂದುಕೊಂಡು ಪಕ್ಕಕ್ಕಿಟ್ಟ ಮೂರು ಕುಟುಂಬಗಳನ್ನು ನಾನೇ ಬಲ್ಲೆ. ಬ್ಯಾಂಕಿಗೆ ಅದು ಸಾಮಾನ್ಯವಾಗಿ ಹೋಗುವುದೇ ಇಲ್ಲ. ಮಾಮೂಲಿ ತೆರಿಗೆಯ ಕಂತುಗಳಿಗೆ ಡಿಸೆಂಬರ್ 10 ಮತ್ತು ಏಪ್ರಿಲ್ 10 ಗಡುವು. ತಪ್ಪಿದರೆ ಶೇಕಡಾ 10 ದಂಡ.

ಇನ್ನು ನೀರು. ಇದರ ಬಗ್ಗೆ ಸ್ವಲ್ಪ ಹೆಚ್ಚೇ ಹೇಳುತ್ತೇನೆ, ಏಕೆಂದರೆ ಮನೆ ಮಾರುವವರು ಇದರ ಬಗ್ಗೆ ಬಾಯಿ ಬಿಡುವುದಿಲ್ಲ.

ಕಾರ್ಮೈಕಲ್ ವಾಟರ್ ಡಿಸ್ಟ್ರಿಕ್ಟ್ ಹುಟ್ಟಿದ್ದು 1916ರಲ್ಲಿ, ಫೇರ್ ಓಕ್ಸ್‌ನದು 1917ರಲ್ಲಿ. ಆಗ ಇಲ್ಲಿ ಬಡಾವಣೆಗಳಿರಲಿಲ್ಲ, ತೋಟಗಳಿದ್ದವು. ಜಮೀನನ್ನು 10 ಎಕರೆಯ ತುಂಡುಗಳಾಗಿ ಮಾಡಿ ಕಿತ್ತಳೆ, ಆಲಿವ್ ಬೆಳೆಯುವವರಿಗೆ ಮಾರುತ್ತಿದ್ದರು. ಆ ರೈತರು ಕಾಲುವೆ ನೀರಿಗಾಗಿ ಕಟ್ಟಿಕೊಂಡ ಸಂಸ್ಥೆಗಳೇ ಇಂದು ನಲ್ಲಿಯಲ್ಲಿ ನೀರು ಕೊಡುತ್ತಿರುವುದು. ಎರಡನೆಯ ಮಹಾಯುದ್ಧದ ನಂತರ ಮಕ್ಲೆಲನ್ ವಾಯುನೆಲೆಯ ಕೆಲಸಗಾರರಿಗಾಗಿ ಮನೆಗಳು ಎದ್ದವು, ತೋಟಗಳು ಹೋದವು, ನೀರಿನ ಗಡಿ ಮಾತ್ರ ಹಾಗೆಯೇ ಉಳಿಯಿತು. ಇಂದಿನ ಬೀದಿಗಳ ಜೊತೆ ಆ ಗಡಿ ಹೊಂದದಿರುವುದಕ್ಕೆ ಇದೇ ಕಾರಣ. ಹಳೆಯ ತೋಟದ ಬೇಲಿಯನ್ನು ನಾವು ಇವತ್ತಿಗೂ ನೀರಿನ ಬಿಲ್ಲಿನಲ್ಲಿ ಕಾಣಬಹುದು. ನನಗೆ ಈ ಊರುಗಳ ಮೇಲೆ ಪ್ರೀತಿ ಹುಟ್ಟಿದ್ದು ಇದನ್ನು ತಿಳಿದ ಮೇಲೆ.

ನಿಮ್ಮ ಮನೆಗೆ ನೀರು ಕೊಡುವವರು ಮೂರು ಬಗೆಯವರಾಗಿರಬಹುದು. ಒಂದು, ಮತದಾರರು ಆರಿಸಿದ ಮಂಡಳಿಯಿರುವ ಡಿಸ್ಟ್ರಿಕ್ಟ್. ಎರಡು, ಷೇರುದಾರರ ಖಾಸಗಿ ಕಂಪನಿ, ಅದರ ದರವನ್ನು ನಿರ್ಧರಿಸುವುದು ರಾಜ್ಯದ ಆಯೋಗ. ಮೂರು, ಆರೆಂಜ್‌ವೇಲ್‌ನ ಬಹುಪಾಲಿನಲ್ಲಿ ಇರುವಂತೆ, ಜಮೀನಿನ ಒಡೆಯರೇ ಷೇರು ಹೊಂದಿರುವ ಪರಸ್ಪರ ಸಂಸ್ಥೆ. ಯಾರು ಎಂದು ಕೇಳಿ, ಹಿಂದಿನ ಹನ್ನೆರಡು ತಿಂಗಳ ಬಿಲ್ಲುಗಳನ್ನು ಕೇಳಿ. ಜುಲೈ, ಆಗಸ್ಟಿನ ಬಿಲ್ಲುಗಳನ್ನು ಬೇರೆಯಾಗಿ ನೋಡಿ. ಇಲ್ಲಿ ಬೇಸಿಗೆಯಲ್ಲಿ ಹನಿ ಮಳೆ ಬೀಳುವುದಿಲ್ಲ. ಅರ್ಧ ಎಕರೆ ಹಿತ್ತಲಿದೆ, ತರಕಾರಿ ಬೆಳೆಯೋಣ ಎಂದು ಸಂತೋಷದಿಂದ ಕೊಂಡ ಗೆಳತಿಯೊಬ್ಬಳು ಮೊದಲ ಆಗಸ್ಟಿನ ಬಿಲ್ಲು ನೋಡಿ ನನಗೆ ಫೋನ್ ಮಾಡಿ ಅತ್ತಿದ್ದಳು. ಹನಿ ನೀರಾವರಿಯ ಕೊಳವೆಗಳನ್ನು ಹಾಕಿಸಿ, ಹುಲ್ಲುಹಾಸನ್ನು ತೆಗೆದ ಮೇಲೆ ಈಗ ಅವಳ ಹಿತ್ತಲಲ್ಲಿ ಬದನೆ, ಹೀರೆ, ಕರಿಬೇವು ಎಲ್ಲವೂ ಇವೆ. ಕರಿಬೇವು ಮಾತ್ರ ಕುಂಡದಲ್ಲಿ, ಚಳಿಗಾಲಕ್ಕೆ ಒಳಗೆ ಬರುತ್ತದೆ.

ನೀರು ಕೊಡುವುದು ಡಿಸ್ಟ್ರಿಕ್ಟ್ ಆಗಿದ್ದರೆ ನಿಮ್ಮ ಕೈಯಲ್ಲಿ ಒಂದು ದೊಡ್ಡ ಹಕ್ಕಿದೆ. 1996ರ 218ನೇ ಪ್ರಸ್ತಾವದ ಪ್ರಕಾರ ದರ ಏರಿಸುವ ಮುನ್ನ ಪ್ರತಿ ನಿವೇಶನಕ್ಕೂ ಅಂಚೆಯಲ್ಲಿ ನೋಟಿಸು ಕಳುಹಿಸಬೇಕು, ಅದಾಗಿ ಕನಿಷ್ಠ 45 ದಿನ ಬಿಟ್ಟು ವಿಚಾರಣೆ ನಡೆಸಬೇಕು. ಅರ್ಧಕ್ಕಿಂತ ಹೆಚ್ಚು ನಿವೇಶನಗಳಿಂದ ಲಿಖಿತ ಆಕ್ಷೇಪಣೆ ಬಂದರೆ ಏರಿಕೆ ನಿಂತುಹೋಗುತ್ತದೆ. ಒಂದು ನಿವೇಶನಕ್ಕೆ ಒಂದೇ ಆಕ್ಷೇಪಣೆ. ಆ ನೋಟಿಸು ಜಾಹೀರಾತಿನ ಕಾಗದದ ಹಾಗೆ ಕಾಣುತ್ತದೆ, ಕಸಕ್ಕೆ ಹಾಕಬೇಡಿ. ವಿರೋಧಿಸಲೇಬೇಕು ಎಂದು ನಾನು ಹೇಳುತ್ತಿಲ್ಲ. ಹಳೆಯ ಕೊಳವೆಗಳನ್ನು ಬದಲಿಸಲು ಹಣ ಬೇಕು, ಒಮ್ಮೆ ನೋಟಿಸು ಓದಿ, ಲೆಕ್ಕ ಸರಿಯೆನಿಸಿ ನಾನು ಸುಮ್ಮನಿದ್ದೆ. ಆದರೆ ಓದಿ ಸುಮ್ಮನಿರುವುದಕ್ಕೂ ಓದದೆ ಸುಮ್ಮನಿರುವುದಕ್ಕೂ ಬಹಳ ಅಂತರವಿದೆ.

ಒಳಚರಂಡಿಯ ಸಂಪರ್ಕವಿದೆಯೇ, ಸೆಪ್ಟಿಕ್ ಟ್ಯಾಂಕ್ ಇದೆಯೇ ಎಂದು ಕೇಳಿ. ವಿಲ್ಟನ್‌ನಂಥ ಹಳ್ಳಿಯ ಕಡೆ ಕೊಳವೆಬಾವಿ, ಸೆಪ್ಟಿಕ್ ಎರಡೂ ಸಾಮಾನ್ಯ. ಎರಡನ್ನೂ ಕೊಳ್ಳುವ ಮುನ್ನವೇ ಪರೀಕ್ಷೆ ಮಾಡಿಸಬೇಕು.

ರಸ್ತೆ ನೋಡಲು ಸಂಜೆ ಏಳರ ಮೇಲೆ ಹೋಗಿ, ಕಾರಿನಿಂದ ಇಳಿದು ನಡೆಯಿರಿ. ಈ ಊರುಗಳ ಅನೇಕ ಬೀದಿಗಳಲ್ಲಿ ಕಾಲುದಾರಿಯೂ ಇಲ್ಲ, ಬೀದಿದೀಪವೂ ಇಲ್ಲ. ಡಾಂಬರಿನ ಅಂಚಿಗೆ ನೇರವಾಗಿ ಮಳೆನೀರಿನ ಚರಂಡಿ ಶುರುವಾಗುತ್ತದೆ. ಆ ಕತ್ತಲೆಯನ್ನೇ ಬಯಸಿ ಬಂದವರಿದ್ದಾರೆ. ನಮ್ಮ ಅತ್ತೆಯವರಂತೆ ಊಟವಾದ ಮೇಲೆ ನಡೆಯುವ ಅಭ್ಯಾಸವಿರುವ ಹಿರಿಯರು ಮನೆಯಲ್ಲಿದ್ದರೆ ಎರಡು ಸಲ ಯೋಚಿಸಿ. ಮುಖ್ಯರಸ್ತೆಯಿಂದ ಒಳಗೆ ಉದ್ದನೆಯ ಓಣಿಯ ತುದಿಯಲ್ಲಿ ಮನೆಯಿದ್ದರೆ ಆ ಓಣಿ ಖಾಸಗಿಯೇ ಎಂದು ಕೇಳಿ. ಖಾಸಗಿಯಾದರೆ ಕೌಂಟಿ ಅದರ ಒಂದು ಗುಂಡಿಯನ್ನೂ ಮುಚ್ಚುವುದಿಲ್ಲ. ಖರ್ಚು ಹಂಚಿಕೊಳ್ಳುವ ಬಗ್ಗೆ ನೆರೆಯವರ ನಡುವೆ ಲಿಖಿತ ಒಪ್ಪಂದವಿದೆಯೇ ಎಂದು ನೋಡಬೇಕು.

ಎರಡು ದೊಡ್ಡ ನದಿಗಳು ಕೂಡುವ ಜಾಗ ಇದು. 1986ರ ಫೆಬ್ರವರಿಯಲ್ಲಿ ಅಮೆರಿಕನ್ ನದಿ ಏರಿಗಳ ಅಂಚಿನವರೆಗೆ ಬಂದಿತ್ತು, 2023ರ ಹೊಸವರ್ಷದ ದಿನ ಕೊಸಮ್ನೆಸ್ ನದಿಯ ಏರಿ ಒಡೆದು ವಿಲ್ಟನ್ ಸುತ್ತ ನೀರು ನುಗ್ಗಿತು. ಅಮೆರಿಕ ಸರ್ಕಾರದ ವಿಕೋಪ ನಿರ್ವಹಣಾ ಸಂಸ್ಥೆಯಾದ ಫೆಮಾದ ಪ್ರವಾಹ ನಕ್ಷೆಯಲ್ಲಿ ನಿವೇಶನ 'ಎ' ಅಕ್ಷರದಿಂದ ಆರಂಭವಾಗುವ ವಲಯದಲ್ಲಿದ್ದರೆ ಸಾಲಕ್ಕೆ ಪ್ರವಾಹ ವಿಮೆ ಕಡ್ಡಾಯವಾಗುತ್ತದೆ. ಇಲ್ಲದಿದ್ದರೂ ನಾವು ಮಾಡಿಸಿದ್ದೇವೆ. ಸಾಲದ ಜೊತೆಗಲ್ಲದೆ ಆಮೇಲೆ ಕೊಂಡರೆ ಸರ್ಕಾರಿ ವಿಮೆ ಜಾರಿಗೆ ಬರಲು ಸಾಮಾನ್ಯವಾಗಿ 30 ದಿನ ಬೇಕು. ಮೋಡ ಕಂಡ ಮೇಲೆ ಓಡಾಡಿದರೆ ಪ್ರಯೋಜನವಿಲ್ಲ.

ನಾನು ಹೆಚ್ಚು ಬೆಲೆ ತೆತ್ತು ಕಲಿತದ್ದು ಕಟ್ಟಡದ ಪರವಾನಗಿಯ ಪಾಠ. ನಮ್ಮ ಮನೆಯ ಗ್ಯಾರೇಜನ್ನು ಹಿಂದಿನವರು ಕೋಣೆಯಾಗಿ ಮಾಡಿದ್ದರು. ಚೆಂದವಾಗಿತ್ತು, ಊರಿನಿಂದ ಅಪ್ಪ ಅಮ್ಮ ಬಂದರೆ ಇರಲು ಆಗುತ್ತದೆ ಎಂದೇ ನಾವು ಆ ಮನೆಯನ್ನು ಆರಿಸಿದ್ದು. ವಿದ್ಯುತ್ ಫಲಕ ಬದಲಿಸಲು ಅರ್ಜಿ ಹಾಕಿದಾಗ ಆ ಕೋಣೆಗೆ ಪರವಾನಗಿಯೇ ಇಲ್ಲ ಎಂದು ಹೊರಬಿತ್ತು. ಗೋಡೆ ಬಿಚ್ಚಿ ತಂತಿಗಳನ್ನು ತೋರಿಸಿ, ಕಿಟಕಿಯನ್ನು ದೊಡ್ಡದು ಮಾಡಿ, ಎಲ್ಲವೂ ಸರಿಯಾಗಲು ಎಂಟು ತಿಂಗಳು ಹಿಡಿಯಿತು. ಅಪ್ಪ ಅಮ್ಮ ಬಂದ ಆ ವರ್ಷ ಹಾಲ್‌ನಲ್ಲಿ ಹಾಸಿಗೆ ಹಾಕಿಕೊಂಡು ಮಲಗಿದರು. ಅದನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ. ಕೌಂಟಿಯ ಕಟ್ಟಡ ವಿಭಾಗದಿಂದ ಆ ವಿಳಾಸದ ಪರವಾನಗಿಗಳ ಇತಿಹಾಸವನ್ನು ಪಡೆಯಬಹುದು. ಅದನ್ನು ಕೈಯಲ್ಲಿ ಹಿಡಿದು ಮನೆಯ ಪ್ರತಿಯೊಂದು ಕೋಣೆಗೂ ಹೋಗಿ. ಪಟ್ಟಿಯಲ್ಲಿ ಇಲ್ಲದ ಕೋಣೆ ಸಿಕ್ಕರೆ ಬೆಲೆ ಮಾತನಾಡುವುದು ಅಲ್ಲಿಂದ ಶುರುವಾಗಬೇಕು.

ಜೊತೆಗೆ ವಲಯದ ಸಂಕೇತವನ್ನೂ ನೋಡಿಕೊಳ್ಳಿ. ಆರ್‌ಡಿ-5 ಎಂದಿದ್ದರೆ ಎಕರೆಗೆ ಐದು ಮನೆಗಳ ಲೆಕ್ಕದ ವಸತಿ ವಲಯ, ಎಆರ್-1 ಎಂದಿದ್ದರೆ ಒಂದು ಎಕರೆಯ ಕೃಷಿ-ವಸತಿ. ಕೋಳಿ, ಕುದುರೆ, ಹಿತ್ತಲಲ್ಲಿ ಇನ್ನೊಂದು ಚಿಕ್ಕ ಮನೆ, ಎಲ್ಲದರ ಉತ್ತರವೂ ಆ ಸಂಕೇತದಿಂದ ಆರಂಭವಾಗುತ್ತದೆ. ಹಳೆಯ ಫೇರ್ ಓಕ್ಸ್ ಪೇಟೆಯಲ್ಲಿ ಕೋಳಿಗಳು ರಸ್ತೆಯ ಮೇಲೆಯೇ ಓಡಾಡಿಕೊಂಡಿರುವುದನ್ನು ನೋಡಿ ಎಲ್ಲೆಡೆ ಹಾಗೆಯೇ ಎಂದುಕೊಳ್ಳಬೇಡಿ. ಸ್ಥಳೀಯ ಓಕ್ ಮರಗಳಿಗೂ ರಕ್ಷಣೆಯಿದೆ. ಕೊಡಲಿ ಎತ್ತುವ ಮೊದಲು ಕೌಂಟಿಯನ್ನು ಕೇಳಿ.

ಮನೆಗೆ ಬಂದ ಮೊದಲ ವಾರ ಒಂದು ಹಾಳೆಯಲ್ಲಿ ಎಲ್ಲ ಸಂಖ್ಯೆಗಳನ್ನು ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿ. ತುರ್ತಿಗೆ 911, ಬರುವವರು ನಗರದ ಪೊಲೀಸರಲ್ಲ, ಕೌಂಟಿಯ ಪೊಲೀಸರಾದ ಶೆರಿಫ್ ಕಚೇರಿಯವರು. ರಸ್ತೆಯ ಗುಂಡಿಗೂ ಕಸದ ತೊಟ್ಟಿಗೂ ಕೌಂಟಿಯ 311. ನಗರಕ್ಕೂ ತನ್ನದೇ 311 ಇದೆ, ಆದ್ದರಿಂದ ಮಾತು ಶುರುಮಾಡುವ ಮೊದಲು ಯಾರು ಎತ್ತಿದ್ದಾರೆ ಎಂದು ಕೇಳಿಕೊಳ್ಳಿ. ಕರೆಂಟು ಹೋದರೆ ಸ್ಮಡ್, ಅದು 1923ರಲ್ಲಿ ಜನರೇ ಮತ ಹಾಕಿ ಸ್ಥಾಪಿಸಿದ ಸಂಸ್ಥೆ. ಅನಿಲಕ್ಕೆ ಬೇರೆ ಕಂಪನಿ. ನೀರು, ಉದ್ಯಾನ, ಒಳಚರಂಡಿ ಒಂದೊಂದಕ್ಕೂ ಒಂದೊಂದು ಸಾಲು. ನಿಮ್ಮ ಭಾಗದ ಮೇಲ್ವಿಚಾರಕರ ಕಚೇರಿಯ ಸಂಖ್ಯೆ ಕೊನೆಯಲ್ಲಿರಲಿ, ಉಳಿದವರೆಲ್ಲ ನಮ್ಮದಲ್ಲ ಎಂದಾಗ ಅಲ್ಲಿಗೆ ಹೋಗಬೇಕು.

ನಿಮ್ಮ ಭಾಗಕ್ಕೆ ಸಮುದಾಯ ಯೋಜನಾ ಸಲಹಾ ಸಮಿತಿ ಇದ್ದರೆ ಅದರ ಸಭೆಗೆ ಒಮ್ಮೆ ಹೋಗಿ. ಪಕ್ಕದ ಖಾಲಿ ಜಾಗದಲ್ಲಿ ಏನು ಬರಲಿದೆ ಎಂಬುದು ಅಲ್ಲಿ ಎಲ್ಲರಿಗಿಂತ ಮೊದಲು ತಿಳಿಯುತ್ತದೆ. ಸದಸ್ಯರು ಆ ಊರಿನವರೇ, ಕಿವಿಗೊಟ್ಟು ಕೇಳುತ್ತಾರೆ. ನಾನು ಮೊದಲ ಸಲ ಮಾತನಾಡಿದ್ದು ನಮ್ಮ ಬೀದಿಯ ತಿರುವಿನಲ್ಲಿ ಶಾಲೆಯ ಮಕ್ಕಳಿಗೆ ನಡೆಯಲು ಜಾಗವಿಲ್ಲವೆಂದು. ಬರೆದುಕೊಂಡು ಹೋಗಿದ್ದ ಚೀಟಿ ಕೈಯಲ್ಲಿ ನಡುಗುತ್ತಿತ್ತು. ಆ ರಾತ್ರಿ ಮನೆಗೆ ಬಂದವಳೇ ಫ್ರಿಜ್ ಬಾಗಿಲಿನ ಹಾಳೆಗೆ ಮುಂದಿನ ಸಭೆಯ ದಿನಾಂಕವನ್ನೂ ಸೇರಿಸಿದೆ.