ಗುಂಯ್ ಅಂದು ನಿಲ್ಲುವ ಕಂಪ್ರೆಸರ್: ಮೋಟರ್ ಬಿಚ್ಚುವ ಮೊದಲು

ಕೋಲಾರದ ಕಡೆ ಟ್ರ್ಯಾಕ್ಟರ್ ಟೈರಿಗೆ ಗಾಳಿ ಹಿಡಿಯಲು, ಗೇಟಿಗೆ ಸ್ಪ್ರೇ ಪೇಂಟ್ ಹೊಡೆಯಲು ಮನೆ ಶೆಡ್ಡಿನಲ್ಲಿಟ್ಟ ಎರಡು ಎಚ್‌ಪಿ ಕಂಪ್ರೆಸರ್ ಒಂದು ದಿನ ಗುಂಯ್ ಅಂದು ನಿಂತುಬಿಡುತ್ತದೆ. ಕೂಡಲೇ ವೈಂಡಿಂಗ್ ಅಂಗಡಿಗೆ ಹೊರಬೇಡಿ. ವೈಂಡಿಂಗ್, ಅಂದರೆ ಮೋಟರಿನೊಳಗಿನ ತಂತಿ ಸುರುಳಿ, ಸುಟ್ಟಿದ್ದರೆ ಕಮರು ವಾಸನೆ ಮೂಗಿಗೆ ಬಡಿಯುತ್ತದೆ. ಅದಿಲ್ಲವೆಂದರೆ ದೋಷ ಬೇರೆ ಕಡೆ ಇರುವ ಸಾಧ್ಯತೆಯೇ ಹೆಚ್ಚು.

ಪ್ಲಗ್ ಕೀಳಿ. ಟ್ಯಾಂಕಿನ ತಳದ ಡ್ರೇನ್ ಕಾಕ್ ತಿರುಗಿಸಿ, ಗೇಜಿನ ಮುಳ್ಳು ಸೊನ್ನೆಗೆ ಬರುವವರೆಗೆ ಗಾಳಿ, ನೀರು ಎರಡನ್ನೂ ಬಿಡಿ. ಈಗ ಕಾಕ್ ಮುಚ್ಚಿ, ಪ್ಲಗ್ ಮತ್ತೆ ಹಾಕಿ, ಖಾಲಿ ಟ್ಯಾಂಕಿನಲ್ಲಿ ಒಮ್ಮೆ ಚಾಲೂ ಮಾಡಿ ನೋಡಿ. ಅರ್ಧ ರೋಗ ಇಲ್ಲೇ ತಿಳಿಯುತ್ತದೆ.

ಖಾಲಿಯಿದ್ದಾಗ ಹೊರಟು, ಒತ್ತಡ ತುಂಬಿದ ಮೇಲೆ ಮತ್ತೆ ಹೊರಡದಿದ್ದರೆ ಪಿಸ್ಟನ್ ತಲೆ ಮೇಲೆ ಗಾಳಿ ಸಿಕ್ಕಿಕೊಂಡಿದೆ. ಮೋಟರ್ ನಿಂತಾಗ, ಒತ್ತಡ ನೋಡಿ ತಾನೇ ಆನ್-ಆಫ್ ಮಾಡುವ ಪ್ರೆಷರ್ ಸ್ವಿಚ್‌ನ ಕೆಳಗಿನ ಪುಟ್ಟ ವಾಲ್ವ್, ಅಂದರೆ ಅನ್‌ಲೋಡರ್, ಒಂದೆರಡು ಸೆಕೆಂಡ್ ಬುಸ್ ಎಂದು ಗಾಳಿ ಬಿಟ್ಟು ಸುಮ್ಮನಾಗಬೇಕು. ಬುಸ್ ಅನ್ನಲೇ ಇಲ್ಲವೆಂದರೆ ಅನ್‌ಲೋಡರ್ ಕಟ್ಟಿಕೊಂಡಿದೆ. ನಿಲ್ಲದೆ ಬುಸುಗುಡುತ್ತಲೇ ಇದ್ದರೆ ಬೈಯಬೇಕಾದ್ದು ಸ್ವಿಚ್ಚನ್ನಲ್ಲ, ನಾನ್‌ರಿಟರ್ನ್ ವಾಲ್ವನ್ನು. ಟ್ಯಾಂಕಿನ ಗಾಳಿ ಅದರ ಮೂಲಕ ಹಿಂದಕ್ಕೆ ಬರುತ್ತಿದೆ. ಇದು ಗೊತ್ತಿಲ್ಲದೆ ಒಳ್ಳೆಯ ಸ್ವಿಚ್ಚನ್ನೇ ಬದಲಿಸಿ ದುಡ್ಡು ಕಳೆಯುವವರು ಬಹಳ.

ಪಂಪಿನ ಮೇಲ್ಭಾಗದ ಹೆಡ್ಡಿನಿಂದ ಬರುವ ದಪ್ಪ ಪೈಪು ಟ್ಯಾಂಕಿಗೆ ಸೇರುವಲ್ಲಿರುವ ಹಿತ್ತಾಳೆಯ ತುಂಡೇ ನಾನ್‌ರಿಟರ್ನ್ ವಾಲ್ವ್. ಮತ್ತೆ ಪ್ಲಗ್ ಕಿತ್ತು, ಗಾಳಿ ಬಿಟ್ಟು, ಟ್ಯಾಂಕ್ ಖಾಲಿ ಇದೆಯೆಂದು ಗೇಜ್ ಮತ್ತೊಮ್ಮೆ ನೋಡಿ, ಪೈಪು ಆರಿದ ಮೇಲೆ ಮುಚ್ಚಳ ಬಿಚ್ಚಿ. ಒಳಗೆ ಸ್ಪ್ರಿಂಗ್, ರಬ್ಬರ್ ಅಥವಾ ಟೆಫ್ಲಾನ್ ಬಿಲ್ಲೆ ಇರುತ್ತವೆ. ಮಸಿ, ತುಕ್ಕು ಕೂತಿದ್ದರೆ ಸೀಮೆಎಣ್ಣೆಯಲ್ಲಿ ತೊಳೆದು ಪೂರ್ತಿ ಒಣಗಿಸಿ. ಬಿಲ್ಲೆಯಲ್ಲಿ ಗೆರೆ, ಹಳ್ಳ ಕಂಡರೆ ಉಜ್ಜುತ್ತ ಕೂರದೆ ಬದಲಿಸಿ. ವಾಲ್ವನ್ನೇ ಕಳಚಿದ್ದರೆ ಟ್ಯಾಂಕಿಗೆ ಕೂರುವ ಮರೆಗೆ (ಥ್ರೆಡ್ಡಿಗೆ) ಟೆಫ್ಲಾನ್ ಟೇಪ್ ನಾಲ್ಕೈದು ಸುತ್ತು ಸಾಕು, ಮರೆ ಬಿಗಿಯುವ ದಿಕ್ಕಿನಲ್ಲೇ ಸುತ್ತಿ.

ಖಾಲಿ ಟ್ಯಾಂಕಿನಲ್ಲೂ ಹೊರಡದಿದ್ದರೆ ಮೊದಲು ವೋಲ್ಟೇಜ್. ಸುತ್ತಲಿನ ಬೋರ್‌ವೆಲ್‌ಗಳೆಲ್ಲ ಒಟ್ಟಿಗೆ ಓಡುವ ಹೊತ್ತಿನಲ್ಲಿ 230 ಇರಬೇಕಾದ್ದು 180ಕ್ಕೆ ಇಳಿದರೆ, ಮೋಟರಿನ ತಿರುಗಿಸುವ ಬಲ ಸುಮಾರು 60 ಶೇಕಡಕ್ಕೆ ಬೀಳುತ್ತದೆ. ಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಕುಗ್ಗುತ್ತದೆ. ಬಡಕಲು ಎಕ್ಸ್‌ಟೆನ್ಷನ್ ವೈರ್ ಇದ್ದರಂತೂ ಕೇಳಲೇಬೇಡಿ. 2.5 ಚದರ ಮಿ.ಮೀ. ತಾಮ್ರದ ವೈರ್, 16 ಆಂಪಿಯರ್ ಸಾಕೆಟ್ ಇರಲಿ.

ವೋಲ್ಟೇಜ್ ಸರಿಯಿದ್ದರೆ, ಮೋಟರ್ ಹೊರಡಲು ನೆರವಾಗುವ ಡಬ್ಬಿಯಂಥ ಕೆಪಾಸಿಟರ್ ನೋಡಿ. ಪ್ಲಗ್ ಕಿತ್ತಿದ್ದರೂ ಅದರಲ್ಲಿ ಕರೆಂಟ್ ಉಳಿದಿರುತ್ತದೆ. ಹಳೇ ಕಾಲದ ತಂತಿ ಬಲ್ಬಿನ ಹೋಲ್ಡರ್ ವೈರನ್ನು ಎರಡೂ ಕಾಲಿಗೆ ತಾಗಿಸಿ ಇಳಿಸಿ. ಸ್ಕ್ರೂಡ್ರೈವರ್‌ನಿಂದ ಶಾರ್ಟ್ ಮಾಡಬೇಡಿ. ವೈರ್ ಕಳಚಿ ಮಲ್ಟಿಮೀಟರಿನಲ್ಲಿ ಮೈಕ್ರೋಫ್ಯಾರಡ್ ಅಳೆಯಿರಿ. ಕೆಪಾಸಿಟರಿನ ಮೈಮೇಲೆ ಬರೆದದ್ದಕ್ಕಿಂತ 10 ಶೇಕಡಕ್ಕೂ ಮೀರಿ ಇಳಿದಿದ್ದರೆ, ಅಥವಾ ತಲೆ ಉಬ್ಬಿದ್ದರೆ ಹೊಸದು ಹಾಕಿ. ಮೈಕ್ರೋಫ್ಯಾರಡ್ ಅಷ್ಟೇ ಇರಬೇಕು, ವೋಲ್ಟ್ ಹಳೆಯದಕ್ಕಿಂತ ಕಡಿಮೆ ಇರಬಾರದು.

ಮೋಟರ್ ಚೆನ್ನಾಗಿ ಓಡಿಯೂ ಗಾಳಿ ತುಂಬದಿದ್ದರೆ, ಏರ್ ಫಿಲ್ಟರ್ ಮುಂದೆ ಕೈ ಹಿಡಿಯಿರಿ. ಗಾಳಿ ಹೊರಗೆ ಉಗುಳಿದಂತಾದರೆ ಗಾಳಿ ಒಳಬಿಡುವ ರೀಡ್ (ವಾಲ್ವಿನಂತೆ ಕೆಲಸ ಮಾಡುವ ತೆಳು ಪಟ್ಟಿ) ಮುರಿದಿದೆ ಅಥವಾ ಮಸಿ ಸಿಕ್ಕಿದೆ. ಪ್ಲಗ್ ಕಿತ್ತು, ಗಾಳಿ ಬಿಟ್ಟು, ಹೆಡ್ ಬಿಚ್ಚಿ, ರೀಡ್ ಜತೆಗೆ ಗ್ಯಾಸ್ಕೆಟ್ಟನ್ನೂ ಹೊಸದು ಹಾಕಿ, ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿಯಿರಿ. ನಮ್ಮ ಕೆಂಪು ಧೂಳಿಗೆ ಫಿಲ್ಟರ್ ಬೇಗ ಕಟ್ಟುತ್ತದೆ, ಅದನ್ನೂ ಬಡಿದು ಶುಚಿ ಮಾಡಿ. ಎಣ್ಣೆ ಹಾಕುವ ಮಾದರಿಯಾದರೆ ಬೈಕಿನ ಎಂಜಿನ್ ಆಯಿಲ್ ಬೇಡ, ಕಂಪ್ರೆಸರ್ ಆಯಿಲ್ಲನ್ನೇ, ಎಣ್ಣೆ ಮಟ್ಟ ತೋರುವ ಗಾಜಿನ ಕೆಂಪು ಚುಕ್ಕಿಯವರೆಗೆ ತುಂಬಿ.

ಕೊನೆಗೆ ಕಟ್-ಆಫ್ ಆಗುವವರೆಗೆ, ಅಂದರೆ ಮೋಟರ್ ತಾನೇ ನಿಲ್ಲುವವರೆಗೆ, ತುಂಬಿಸಿ, ಪ್ಲಗ್ ಕಿತ್ತು, ಅರ್ಧ ಗಂಟೆ ಬಿಟ್ಟು ಗೇಜ್ ನೋಡಿ. ಮುಳ್ಳು ಇಳಿದಿದ್ದರೆ ಜಾಯಿಂಟುಗಳಿಗೆ ಸೋಪಿನ ನೊರೆ ಹಚ್ಚಿ ಗುಳ್ಳೆ ಎಲ್ಲಿ ಏಳುತ್ತದೆ ಹುಡುಕಿ. ಗುಳ್ಳೆ ಟ್ಯಾಂಕಿನ ಮೈಯಿಂದಲೇ ಎದ್ದರೆ ವೆಲ್ಡಿಂಗ್, ಎಂ-ಸೀಲ್ ಯಾವುದೂ ಬೇಡ. ಒಳಗಿನಿಂದ ತುಕ್ಕು ತಿಂದ ಟ್ಯಾಂಕ್ 8 ಬಾರ್ ಒತ್ತಡದಲ್ಲಿ ಸಿಡಿದರೆ ಪಕ್ಕದಲ್ಲಿದ್ದವರ ಪ್ರಾಣ ಹೋಗುತ್ತದೆ. ಗಾಳಿ ಪೂರ್ತಿ ಬಿಟ್ಟು, ಮೋಟರ್, ಪಂಪ್ ಕಳಚಿಟ್ಟುಕೊಂಡು, ಮತ್ತೆ ಯಾರೂ ಗಾಳಿ ತುಂಬದಂತೆ ಟ್ಯಾಂಕಿಗೆ ದೊಡ್ಡ ತೂತು ಕೊರೆದು ಗುಜರಿಗೆ ಹಾಕಿ.